ನೂರಕ್ಕೆ ಮೂವತ್ತನಾಲ್ಕು

ಅಣ್ಣ ಸಾಯಲಿಲ್ಲವೆಂದು ರುದ್ರಮೂರ್ತಿಗೆ ಬೇಸರವೇನೂ ಇರಲಿಲ್ಲ. ಆದರೆ ಸಾಯುವ ಹಾಗಿದೆ ಎಂದು ಲೆಕ್ಕ ಹಾಕಿ ಹೇಳಿ, ಆಮೇಲೆ ಸಾಯದೆ ಹೋದರೆ ಅದನ್ನು ನಂಬಿ ಕೂತವನ ಗತಿಯೇನು? ಅವನ ಪ್ರಶ್ನೆ ಅಷ್ಟೇ.

ಅಣ್ಣ ಮಲ್ಲಿಕಾರ್ಜುನಪ್ಪ ಕಡೂರಿನ ಕೊಬ್ಬರಿ ವರ್ತಕರ ಸಂಘಕ್ಕೆ ಹದಿನೆಂಟು ವರ್ಷದಿಂದ ಅಧ್ಯಕ್ಷ. ರುದ್ರಮೂರ್ತಿ ಅಷ್ಟೇ ವರ್ಷದಿಂದ ಉಪಾಧ್ಯಕ್ಷ. ಉಪಾಧ್ಯಕ್ಷನ ಕೆಲಸವೆಂದರೆ ಅಧ್ಯಕ್ಷರ ಭಾಷಣ ಮುಗಿದ ಮೇಲೆ ವಂದನಾರ್ಪಣೆ. ಸಂಘದ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿ ಗೇಣುದ್ದದ ಒಂದು ಬೆಳ್ಳಿ ತಕ್ಕಡಿ ಇದೆ. ಆಯುಧಪೂಜೆಯ ದಿನ ಅದನ್ನು ಅಧ್ಯಕ್ಷರೇ ಎತ್ತಬೇಕು. ಒಂದು ತಟ್ಟೆಗೆ ಕೊಬ್ಬರಿ, ಇನ್ನೊಂದಕ್ಕೆ ಬೆಲ್ಲ ಇಟ್ಟು ಸಮ ತೂಗಿ ತೋರಿಸಿದ ಮೇಲೆಯೇ ಆ ವರ್ಷದ ವ್ಯಾಪಾರ ಶುರು. ಐವತ್ತೆರಡು ದಾಟಿದ ರುದ್ರಮೂರ್ತಿಗೆ ಬದುಕಿನಲ್ಲಿ ಬೇಕಾಗಿದ್ದುದು ಒಂದೇ. ಆ ತಕ್ಕಡಿ ಒಂದೇ ಒಂದು ಸಲ ತನ್ನ ಕೈಯಿಂದ ಏಳಬೇಕು.

ಕಳೆದ ವರ್ಷ ಅಣ್ಣನಿಗೆ ರಕ್ತದ ಕ್ಯಾನ್ಸರ್ ಬಂತು. ಕಾಂಡಕೋಶ ಕಸಿ ಮಾಡಬೇಕು, ತಮ್ಮನದು ಹೊಂದುತ್ತದೆ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದರು. ರುದ್ರಮೂರ್ತಿ ತಪ್ಪಿಸಿಕೊಳ್ಳಲು ಒಂದು ಕೈ ನೋಡಿದ.

"ನಂದು ಎಬಿ ನೆಗೆಟಿವ್ ಕಣ್ರೀ ಮೇಡಂ, ಅಣ್ಣಂದು ಓ ಪಾಸಿಟಿವ್. ಎಲ್ಲಿಂದೆಲ್ಲಿಗೆ?"

ಗುಂಪು ಬೇರೆಯಾದರೆ ಅಡ್ಡಿಯಿಲ್ಲ ಎಂದು ಡಾಕ್ಟರ್ ಶ್ರೀಜಾ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ಅಣ್ಣನ ವಯಸ್ಸು, ಕಾಯಿಲೆಯ ಬಗೆ, ಸಕ್ಕರೆ, ಹಿಂದಿನ ಚಿಕಿತ್ಸೆ ಎಲ್ಲವನ್ನೂ ಅದಕ್ಕೆ ತಿನ್ನಿಸಿದ್ದರು. ಅದು ಎಲ್ಲವನ್ನೂ ಜಗಿದು ಒಂದು ಅಂಕಿ ಉಗುಳಿತ್ತು. ಇಂಥ ನೂರು ಜನರಿಗೆ ಕಸಿ ಮಾಡಿದರೆ ಎರಡು ವರ್ಷ ದಾಟುವವರು ಮೂವತ್ತನಾಲ್ಕು ಜನ.

ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದಕ್ಕೆ ಪಾಸು. ಅಂದರೆ ಅಣ್ಣ ಒಂದು ಮಾರ್ಕಿಗೆ ಫೇಲು. ಡಾಕ್ಟರ್ ಆಮೇಲೆಯೂ ಅಣ್ಣ ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ರುದ್ರಮೂರ್ತಿ ತಲೆಯಾಡಿಸುತ್ತ, ಆಯುಧಪೂಜೆಯ ಭಾಷಣಕ್ಕೆ ಮೊದಲ ಸಾಲು ಹುಡುಕುತ್ತ ಕೂತಿದ್ದ. ಅಣ್ಣನಿಗೆ ಜೀವ ಕೊಡಲು ಹೊರಟ ಪುಣ್ಯವೂ ಬರುತ್ತದೆ, ಅಣ್ಣನ ಕುರ್ಚಿಯೂ ಬರುತ್ತದೆ ಎಂದರೆ ಬೇಡ ಎನ್ನಲು ಅವನೇನು ಸನ್ಯಾಸಿಯೇ? ಸಹಿ ಹಾಕಿದ.

ಒಂಬತ್ತು ತಿಂಗಳು ಅವನು ಪ್ರಭಾರ ಅಧ್ಯಕ್ಷ. ಮಾಡಿದ ಮೊದಲ ಕೆಲಸ, ಸಂಘದ ಹೆಸರಿನಲ್ಲಿ ಪೊಲೀಸ್ ಠಾಣೆಯ ಗೋಡೆಗೆ ರಕ್ತದಾನಿಗಳ ಬೋರ್ಡು ಹಾಕಿಸಿದ್ದು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ದಾನಿಗಳ ಹೆಸರು ಅದರಲ್ಲಿದ್ದವು. ಅಪರೂಪದ ಗುಂಪಿನ ತನ್ನ ಹೆಸರನ್ನು ಕೆಂಪಕ್ಷರದಲ್ಲಿ, ಉಳಿದವರಿಗಿಂತ ದಪ್ಪಗೆ ಬರೆಸಿದ್ದ. ಎರಡನೆಯ ಕೆಲಸ, ಅಣ್ಣನ ಫೋಟೋಗೆ ಗಾಜಿನ ಕಟ್ಟು ಹಾಕಿಸಿ, ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಿ ತನ್ನ ಮನೆಯ ಬೀರುವಿನ ಹಿಂದೆ ಇಟ್ಟದ್ದು. ಫ್ಲೆಕ್ಸಿನವನು ಮರಣದ ದಿನಾಂಕ ಕೇಳಿದ್ದಕ್ಕೆ, "ಖಾಲಿ ಬಿಡಪ್ಪಾ, ಡಾಕ್ಟ್ರು ಹೇಳ್ತಾರೆ" ಎಂದಿದ್ದ.

ಆಯುಧಪೂಜೆಗೆ ಮೂರು ವಾರವಿರುವಾಗ ಅಣ್ಣ ಮಾಸ್ಕು ಹಾಕಿಕೊಂಡು ಕಾರಿನಿಂದ ಇಳಿದ.

"ಆ ಶಿವ ಗ್ರೇಸ್ ಮಾರ್ಕ್ಸ್ ಕೊಟ್ಬಿಟ್ಟ ಕಣೋ," ಎಂದು ತಮ್ಮನ ಎರಡೂ ಕೈ ಹಿಡಿದುಕೊಂಡ. "ನಿನ್ ಋಣ ಈ ಜನ್ಮದಲ್ಲಿ ತೀರಲ್ಲ, ರುದ್ರು. ತಕ್ಕಡಿ ಎತ್ತೋಷ್ಟು ಶಕ್ತಿ ಬಂದೈತೆ ನೋಡು."

ರುದ್ರಮೂರ್ತಿಗೆ ಹೊಟ್ಟೆ ಉರಿಯಿತು. ತನ್ನ ಮೈಯಿಂದ ತೆಗೆದುಕೊಂಡ ಶಕ್ತಿಯಿಂದಲೇ ತನ್ನ ತಕ್ಕಡಿ ಎತ್ತುತ್ತಾನಂತೆ.

ಆ ವಾರವೇ ಯೋಜನೆ ಸಿದ್ಧವಾಯಿತು. ತಕ್ಕಡಿ ಕಳುವಾಗಬೇಕು, ಕದ್ದವನು ಅಧ್ಯಕ್ಷನೇ ಆಗಿರಬೇಕು. ಯಾಕೆ ಕದ್ದ ಎಂದು ಜನ ಕೇಳುವುದಿಲ್ಲ, ಔಷಧಿ ತಲೆಗೇರಿದೆ ಪಾಪ ಎನ್ನುತ್ತಾರೆ. ಕಚೇರಿಯ ಕೀಲಿ ಇರುವುದು ಇಬ್ಬರ ಹತ್ತಿರ ಮಾತ್ರ, ಅಧ್ಯಕ್ಷ ಮತ್ತು ಉಪಾಧ್ಯಕ್ಷ. ಆದ್ದರಿಂದ ಬೀಗ ಒಡೆಯಬಾರದು. ಒಡೆಯಬೇಕಾದ್ದು ಗಾಜಿನ ಪೆಟ್ಟಿಗೆಯನ್ನು, ಮತ್ತು ಗಾಜಿನ ಮೇಲೆ ಅಣ್ಣನ ರಕ್ತ ಇರಬೇಕು. ಕೀಲಿ ಇರುವವರು ಇಬ್ಬರು. ಒಬ್ಬನದು ಓ ಪಾಸಿಟಿವ್, ಇನ್ನೊಬ್ಬನದು ಎಬಿ ನೆಗೆಟಿವ್. ಪೊಲೀಸರು ಎಷ್ಟೇ ದಡ್ಡರಾದರೂ ಇಬ್ಬರಲ್ಲಿ ಒಬ್ಬನನ್ನು ಕಳೆಯಲು ಬಂದೇ ಬರುತ್ತದೆ. ಅವನು ಅಣ್ಣನ ಹಳೆಯ ಡ್ರೈವಿಂಗ್ ಲೈಸೆನ್ಸು ತೆಗೆದು ಗುಂಪು ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡ. ಅವನು ಅಂಥ ಜಾಗ್ರತೆಯ ಮನುಷ್ಯ.

ರಕ್ತಕ್ಕೂ ತೊಂದರೆಯಿರಲಿಲ್ಲ. ವಾರಕ್ಕೊಮ್ಮೆ ನರ್ಸಮ್ಮ ಮನೆಗೆ ಬಂದು ಅಣ್ಣನ ರಕ್ತ ಎಳೆಯುತ್ತಿದ್ದಳು, ಲ್ಯಾಬಿಗೆ ಒಯ್ಯುತ್ತಿದ್ದವನು ರುದ್ರಮೂರ್ತಿಯೇ. ಆ ಸೋಮವಾರ ಎರಡು ಟ್ಯೂಬಿನಲ್ಲಿ ಒಂದು ದಾರಿಯಲ್ಲಿ ಬಿದ್ದು ಒಡೆಯಿತು ಎಂದ. ಒಡೆಯದ ಟ್ಯೂಬು ಅವನ ಮನೆಯ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಾತ್ರೆಯ ಹಿಂದೆ ಕೂತಿತು. ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿನೊಳಗೇ ಔಷಧಿ ಇರುತ್ತದೆ ಎಂಬುದನ್ನೂ ಲ್ಯಾಬಿನವರ ಹತ್ತಿರ ಕೇಳಿ ತಿಳಿದುಕೊಂಡಿದ್ದ.

ಗಾಜು ಎಷ್ಟು ಏಟಿಗೆ ಒಡೆಯುತ್ತದೆ, ಸದ್ದು ಎಷ್ಟಾಗುತ್ತದೆ ಎಂದು ನೋಡಲು ಒಂದು ತಾಲೀಮು ಬೇಕಿತ್ತು. ಮನೆಯಲ್ಲಿ ಕೆಲಸಕ್ಕೆ ಬಾರದ ಗಾಜು ಇದ್ದದ್ದು ಒಂದೇ, ಬೀರುವಿನ ಹಿಂದಿನ ಫೋಟೋದ್ದು. ಟವೆಲ್ಲು ಸುತ್ತಿದ ಸುತ್ತಿಗೆಯಿಂದ ಅಣ್ಣನ ಮುಖದ ಮೇಲೆ ಒಂದೇ ಏಟು ಕೊಟ್ಟ. ಸದ್ದು ಹಿತವಾಗಿತ್ತು. ಚೂರು ಎತ್ತುವಾಗ ಹೆಬ್ಬೆರಳಿಗೆ ಸ್ವಲ್ಪ ತಗುಲಿತು, ಪಟ್ಟಿ ಸುತ್ತಿಕೊಂಡ.

ಬುಧವಾರ ಮಧ್ಯಾಹ್ನ ವರ್ತಕರೆಲ್ಲ ಬೀರೂರಿಗೆ ಮದುವೆ ಊಟಕ್ಕೆ ಹೋಗಿದ್ದರು. ಎರಡು ಗಂಟೆಗೆ ರುದ್ರಮೂರ್ತಿ ಕಚೇರಿಯ ಬೀಗ ತೆಗೆದ, ಗಾಜಿಗೆ ಒಂದೇ ಏಟು ಹಾಕಿದ, ಚೂರಿನ ಅಂಚಿಗೂ ನೆಲಕ್ಕೂ ಹಿತಮಿತವಾಗಿ ರಕ್ತ ಹನಿಸಿದ. ತಕ್ಕಡಿಯನ್ನು ಟವೆಲಿನಲ್ಲಿ ಸುತ್ತಿ ಸ್ಕೂಟರ್ ಸೀಟಿನ ಕೆಳಗಿಟ್ಟ. ಮುಂದಿನ ಹೆಜ್ಜೆ, ಅಣ್ಣನ ಮನೆಗೆ ಹೊಂದಿಕೊಂಡ ಗೋದಾಮಿನ ಕೊಬ್ಬರಿ ರಾಶಿಯಲ್ಲಿ ಅದನ್ನು ಹುದುಗಿಸುವುದು. ಅಲ್ಲಿಗೆ ಹೋದರೆ ಅತ್ತಿಗೆ ಕರಿಬಸಮ್ಮ ಗೋದಾಮಿನ ಬಾಗಿಲಿಗೇ ಕಾಲು ಚಾಚಿ ಹುಣಸೆಹಣ್ಣು ಬಿಡಿಸುತ್ತಿದ್ದರು.

"ಬಾ ರುದ್ರಪ್ಪ, ನಿಮ್ಮಣ್ಣ ಒಳಗ್ ಮಲಗವ್ರೆ. ಮಜ್ಜಿಗೆ ಕುಡೀತೀಯಾ?"

ಮಜ್ಜಿಗೆ ಕುಡಿದ. ಅತ್ತಿಗೆ ಏಳುವ ಸೂಚನೆ ಇರಲಿಲ್ಲ. ಆಗಲಿ, ಆ ಕೆಲಸ ಸಂಜೆಗೂ ನಡೆಯುತ್ತದೆ, ರಕ್ತವೊಂದಿದ್ದರೆ ಸಾಕು ಎಂದುಕೊಂಡು ಮೂರೂವರೆಗೆ ಕಚೇರಿಗೆ ಮರಳಿ, ಕಳ್ಳತನವನ್ನು ಕಂಡು ಗಾಬರಿಯಾಗಿ, ಠಾಣೆಗೆ ತಾನೇ ಫೋನು ಮಾಡಿದ.

ಹೆಡ್ ಕಾನ್‌ಸ್ಟೇಬಲ್ ಲಕ್ಕಣ್ಣ ಬಂದು ನೆಲ ನೋಡಿ, "ಇನ್ನೂ ಹಸಿ ಐತೆ" ಎಂದ.

"ಗುಂಪು ನೋಡ್ಸಿ ಲಕ್ಕಣ್ಣ," ಎಂದು ರುದ್ರಮೂರ್ತಿ ದುಃಖದಿಂದ ಸಲಹೆ ಕೊಟ್ಟ. "ಬೀಗ ಒಡ್ದಿಲ್ಲ. ಕೀಲಿ ನಮ್ಮಿಬ್ರ ಹತ್ರನೇ ಇರೋದು. ಅಣ್ಣಂದು ಓ ಪಾಸಿಟಿವ್. ಅವನಲ್ಲ ಬಿಡಿ, ಒಂದ್ ಮಾತಿಗೆ ಹೇಳ್ದೆ."

ಲಕ್ಕಣ್ಣ ಅದನ್ನೂ ಬರೆದುಕೊಂಡ. ಹತ್ತಿಯಲ್ಲಿ ಒತ್ತಿಕೊಂಡ ರಕ್ತ ಸರ್ಕಾರಿ ಆಸ್ಪತ್ರೆಗೆ ಹೋಯಿತು. ಐದು ಗಂಟೆಗೆ ಅಣ್ಣ ತಮ್ಮ ಇಬ್ಬರೂ ಠಾಣೆಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದರು. ತಕ್ಕಡಿ ಹೋಯಿತೆಂದು ಅಣ್ಣ ಮಗುವಿನಂತೆ ಕಣ್ಣೊರೆಸಿಕೊಳ್ಳುತ್ತಿದ್ದ. ರುದ್ರಮೂರ್ತಿ ಅವನ ಬೆನ್ನು ಸವರುತ್ತ, ಇನ್ನು ಹತ್ತು ದಿನಕ್ಕೆ ತಕ್ಕಡಿ ಎತ್ತುವಾಗ ಯಾವ ಅಂಗಿ ಹಾಕುವುದೆಂದು ಯೋಚಿಸಿದ. ಲಕ್ಕಣ್ಣ ಚೀಟಿ ಹಿಡಿದು ಬಂದ. ಓದಿದ, ಗೋಡೆಯ ಬೋರ್ಡು ನೋಡಿದ, ಮತ್ತೆ ಚೀಟಿ ಓದಿದ.

"ಎಬಿ ನೆಗೆಟಿವ್ ಅಂತ ಬಂದೈತೆ ಸಾರ್. ಮೂರು ತಾಲ್ಲೂಕಿಗೂ ಸೇರಿ ಬೋರ್ಡಲ್ಲಿ ನಿಮ್ದೊಂದೇ ಹೆಸ್ರು."

"ಸಾಧ್ಯನೇ ಇಲ್ಲ," ಎಂದ ರುದ್ರಮೂರ್ತಿ. "ಅದು ಅಣ್ಣಂದೇ ರಕ್ತ."

"ನಿಮಗೆಂಗ್ ಗೊತ್ತು?"

ಉತ್ತರ ಕೊಟ್ಟವನು ಅಣ್ಣ. ತಮ್ಮನನ್ನು ಉಳಿಸಬೇಕೆಂಬ ಆತುರದಲ್ಲಿ ಎದ್ದು ನಿಂತು, ಜೇಬಿನಿಂದ ಆಸ್ಪತ್ರೆಯ ಹೊಸ ಕಾರ್ಡು ತೆಗೆದು ಲಕ್ಕಣ್ಣನ ಕೈಗಿಟ್ಟ. "ಅವನ್ ಹೇಳೋದು ಸರೀನೇ ಕಣಪ್ಪ, ನಂದೂ ಇರ್ಬೋದು. ಕಸಿ ಮಾಡಿದ್ಮೇಲೆ ನನ್ ಮೈಯಲ್ಲಿ ಹುಟ್ಟೋ ರಕ್ತವೂ ಇವನ ಗುಂಪೇ, ಎಬಿ ನೆಗೆಟಿವ್. ಮೂವತ್ನಾಲ್ಕು ಅಂದ್ರಲ್ಲ ಡಾಕ್ಟ್ರಮ್ಮ, ಅದರ ಬೆನ್ನಿಗೇ ಇದನ್ನೂ ಹೇಳಿದ್ರು. ನೀನೂ ತಲೆ ಆಡಿಸ್ದೆ, ನೆನಪಿಲ್ವೇನೋ ರುದ್ರು? ನನ್ನೂ ನೋಡ್ಬಿಡಿ, ಲಕ್ಕಣ್ಣ." ಎರಡೂ ಕೈಗಳನ್ನು ತಿರುಗಿಸಿ ತೋರಿಸಿದ. ಎಲ್ಲಿಯೂ ಒಂದು ಗೀರು ಇರಲಿಲ್ಲ. ಲಕ್ಕಣ್ಣ ಕಾರ್ಡು ಮಡಿಸಿ ಮರ್ಯಾದೆಯಿಂದ ವಾಪಸು ಕೊಟ್ಟು, ರುದ್ರಮೂರ್ತಿಯ ಹೆಬ್ಬೆರಳಿನ ಪಟ್ಟಿ ಬಿಚ್ಚಲು ಹೇಳಿ, ಹೊರಗೆ ನಿಂತಿದ್ದ ಸ್ಕೂಟರಿನ ಕೀಲಿ ಕೇಳಿದ.