ಸಕಾರಿಯ ಒಣ ಕೈ

ಸಕಾರಿಯ ಅಂಗೈ ಒಣಗಿತ್ತು. ಹೆಲ್ಕಾಳ ಎದೆ ಧಸಕ್ಕೆಂದಿತು.

ಸರೋವರದ ದಡದ ಮರದ ಮಂಟಪದಲ್ಲಿ ಶನಿವಾರದ ಕುಣಿತ. ಹೆಂಗಸರು ಒಂದು ಗೋಡೆಗೆ, ಗಂಡಸರು ಎದುರು ಗೋಡೆಗೆ. ಆಗ ಹೆಂಗಸರು ಗಂಡಸರನ್ನು ಕುಣಿಯಲು ಕರೆಯುವ ಸರದಿ. ವಾರಗಟ್ಟಲೆ ಪತ್ತೆಯಿಲ್ಲದಿದ್ದ ಸಕಾರಿ ಬಾಗಿಲಲ್ಲಿ ಕಂಡದ್ದೇ ತಡ, ಇವಳು ನಾಚಿಕೆ ಬಿಟ್ಟು ಓಡಿಹೋಗಿ ಅವನ ಕೈ ಹಿಡಿದಿದ್ದಳು.

ಬೇಸಿಗೆಯಿಡೀ ಅವಳು ನಿಶ್ಚಿಂತೆಯಿಂದ ಕುಣಿದದ್ದು ಅವನೊಬ್ಬನ ಜೊತೆಗೇ. ಚಿಕ್ಕಂದಿನಿಂದಲೂ ಅವಳ ಅಂಗೈಯಲ್ಲಿ ಬೆವರು, ಹಿಮ ಬೀಳುವಾಗಲೂ ತೊಟ್ಟಿಕ್ಕುವ ಬೆವರು. ಹಾಳಾದ್ದು, ಪಾದವೂ ಹಾಗೇ! ಕೈ ಹಿಡಿದ ಗಂಡಸರು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಳ್ಳುವುದನ್ನು ನೋಡಿ ನೋಡಿ ಅವಳ ಜೀವ ಹಿಡಿಯಷ್ಟಾಗಿತ್ತು. ಸಕಾರಿಯದೂ ಅಂಥದೇ ಕೈ. ಎರಡು ಒದ್ದೆ ಕೈ ಸೇರಿದರೆ ಬೆವರು ಯಾರದೆಂದು ಯಾರಿಗೆ ಗೊತ್ತಾದೀತು? "ಸಾರಿ, ನನ್ನ ಕೈ..." ಎಂದು ಅವನು ಪ್ರತಿ ಸಲ ಕೆಂಪಾಗುತ್ತಿದ್ದ. "ಪರವಾಗಿಲ್ಲ ಬಿಡು" ಎಂದು ಇವಳು ದೊಡ್ಡ ಮನಸ್ಸಿನವಳ ಹಾಗೆ ನಗುತ್ತಿದ್ದಳು. ನನ್ನದೂ ಹಾಗೇ ಎನ್ನಲು ಬಾಯಿಯೇ ಬರಲಿಲ್ಲ.

"ನೋಡಿದ್ಯಾ?" ಅವನ ಕಣ್ಣು ಹೊಳೆಯುತ್ತಿತ್ತು. "ಹೆಲ್ಸಿಂಕಿಗೆ ಹೋಗಿ ಆಪರೇಷನ್ ಮಾಡಿಸ್ಕೊಂಡೆ. ಕಂಕುಳಲ್ಲಿ ಸಣ್ಣ ತೂತು ಮಾಡಿ ಎದೆಯೊಳಗಿನ ನರ ಕತ್ತರಿಸಿದ್ರು. ಇನ್ನು ನಿನ್ನ ಕೈ ಒದ್ದೆ ಆಗಲ್ಲ ಮಾರಾಯ್ತಿ!"

"ನನಗೋಸ್ಕರನಾ?"

"ಮತ್ಯಾರಿಗೆ, ಪಕ್ಕದ್ಮನೆ ಅಜ್ಜಿಗಾ?"

ವಾಲ್ಟ್ಜ್ ಕುಣಿತದ ಹಾಡು ಶುರುವಾಯಿತು. ನಾಲ್ಕು ಸುತ್ತು ಬರುವಷ್ಟರಲ್ಲಿ ಅವನ ನಗು ಮಾಸಿತು. ಕೈ ಬಿಡಿಸಿಕೊಂಡು ನೋಡಿಕೊಂಡ, ಒರೆಸಿಕೊಂಡ, ಮತ್ತೆ ಹಿಡಿದ. "ಇನ್ನೂ ಒದ್ದೆ ಇದೆಯಲ್ಲ!"

"ಅದು ನಂದು, ಸಕಾರಿ."

"ಬೇಸಿಗೆಯಿಡೀ?"

"ಹ್ಞೂಂ. ಬೇಸಿಗೆಯಿಡೀ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನೂ ಕೈ ಬಿಡ್ತೀಯ ಅಂತ ಹೆದರಿದ್ದೆ."

"ನಾನಾ? ನಾನು ಬಿಡ್ತಿದ್ನಾ?" ಅವನ ದನಿ ಒಡೆಯಿತು. "ನನ್ನ ಬೆನ್ನು ಮುಟ್ಟಿ ನೋಡು."

ಅಂಗಿ ತೊಯ್ದು ತೊಪ್ಪೆಯಾಗಿತ್ತು.

"ಕೈಯಲ್ಲಿ ನಿಂತದ್ದು ಇಲ್ಲಿ ಹರೀತಿದೆ. ಹೀಗೂ ಆಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ರು. ನಿನ್ನ ಕೈಯೊಂದು ಹಿಡಿಯೋ ಹಾಗಾದ್ರೆ ಸಾಕು ಅಂದ್ಕೊಂಡೆ."

"ನರ ಮತ್ತೆ ಜೋಡಿಸೋಕಾಗಲ್ವಾ?"

"ಇಲ್ಲ ಹೆಲ್ಕಾ."

ಹಾಡು ಮುಗಿಯಿತು. ಆದರೆ ಇಲ್ಲಿ ಒಮ್ಮೆ ಕರೆದರೆ ಎರಡು ಹಾಡು ಕುಣಿಯಲೇಬೇಕು, ನಡುವೆ ಬಿಟ್ಟು ಹೋಗುವಂತಿಲ್ಲ. ಎರಡನೆಯದನ್ನೂ ಕೊನೆಯತನಕ ಕುಣಿದರು. ಅವಳಿಗೆ ಸತ್ತು ಹೋಗಬಾರದೇ ಎನಿಸಿತು.

ಅವನು ಪದ್ಧತಿಯಂತೆ ಅವಳನ್ನು ಹೆಂಗಸರ ಗೋಡೆಯವರೆಗೆ ತಂದು ಬಿಟ್ಟ.

"ಮುಂದಿನ ಶನಿವಾರ?" ಎಂದಳು.

"ನಿನ್ನ ಮೇಲೆ ಕೋಪ ಇಲ್ಲ. ಆದ್ರೆ ನಿನ್ನ ಕೈ ಹಿಡಿದಾಗೆಲ್ಲ ಇದೇ ನೆನಪಾಗತ್ತೆ. ನನ್ನ ಕೈಲಾಗಲ್ಲ." ತಲೆಬಾಗಿ "ಥ್ಯಾಂಕ್ಸ್" ಎಂದು ಹೊರಟುಹೋದ. ಹೊರಗೆ ಅವನ ಕಾರು ಶುರುವಾದದ್ದು ಕೇಳಿಸಿತು.

ಅಷ್ಟರಲ್ಲಿ ಗಂಡಸರು ಕರೆಯುವ ಸರದಿ ಬಂತು. ಬೋಳುತಲೆಯವನೊಬ್ಬ ಎದುರು ನಿಂತು ಕೈ ಚಾಚಿದ. ಹೆಲ್ಕಾಳಿಗೆ ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ.

"ನನ್ನ ಕೈ ತುಂಬಾ ಬೆವರತ್ತೆ. ಯಾವಾಗ್ಲೂ."

"ಬೆವರಲಿ ಬಿಡಿ, ಅದಕ್ಕೇನೀಗ?" ಎಂದು ಆತ ಕೈ ಹಿಡಿದುಕೊಂಡ.

ಇಷ್ಟೇನಾ! ಅಯ್ಯೋ, ಇಷ್ಟೇ ಆಗಿತ್ತೇ? ಹೆಲ್ಕಾ ಆ ಅಪರಿಚಿತನ ಹೆಗಲಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಏನಾಯಿತೆಂದು ತಿಳಿಯದ ಪಾಪದವನು ಕುಣಿಯುತ್ತಲೇ ಇದ್ದ.