ಡಿಸ್ಕ್ ಹೇಳಿದ್ದನ್ನು ಕೇಳದವಳು

"ತಂತಿ ಕಿತ್ತಿದ್ದು ನೀವೇ! ಒಪ್ಪಿಕೊಳ್ಳೋಕೆ ಏನು ಕಷ್ಟ?"

ಇಮಾಸ್ ಕೂಗಿಗೆ ಇಡೀ ಆಫೀಸು ತಿರುಗಿ ನೋಡಿತು. ಗಿಲಾಂಗ್ ಮಾತ್ರ ಕದಲಲಿಲ್ಲ. ಜ್ವಾಲಾಮುಖಿ ಕಾಯುವ ಠಾಣೆಯಿಂದ ನಾಲ್ಕು ಗಂಟೆ ಬೈಕಿನಲ್ಲಿ ಬಂದಿದ್ದ. ದಾಖಲೆ ಪೆಟ್ಟಿಗೆಯನ್ನು ಎದೆಗವಚಿಕೊಂಡಿದ್ದ. ಬೆಟ್ಟದ ಹನ್ನೊಂದು ದಿನಗಳ ಕಂಪನ ಅದರಲ್ಲಿ ಇರಬೇಕಿತ್ತು. ಇರಲಿಲ್ಲ.

"ನಾನು ಕಿತ್ತಿಲ್ಲ, ತೆಹ್ ಇಮಾಸ್," ಎಂದ ಮೆಲ್ಲಗೆ, ಮರ್ಯಾದೆಯ ಆ 'ತೆಹ್' ಬಿಡದೆ. "ಪ್ರತಿ ಸಲ 'ಉಳಿಸಿದೆ' ಅಂತಾನೇ ತೋರಿಸ್ತು."

"ಹಾಗಂತ ತೋರಿಸಿದ್ರೆ ಉಳಿಸಿರುತ್ತೆ! ಆ ಕೋಡ್ ಬರೆದೋಳು ನಾನು."

ಬಾಂಡುಂಗ್ ನಗರದ ಆ ಪುಟ್ಟ ಕಂಪನಿಯಲ್ಲಿ ಇಮಾಸ್ ಮಾತಿಗೆ ಎದುರಿರಲಿಲ್ಲ. ಅಂಥ ಪೆಟ್ಟಿಗೆಗಳನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್‌ನಲ್ಲಿ, ಫೈಲುಗಳನ್ನು ಡಿಸ್ಕಿಗೆ ಬರೆದಿಡುವ ಭಾಗವೆಲ್ಲ ಅವಳದೇ.

ಡಿಸ್ಕಿನಿಂದ ಸಿಕ್ಕಷ್ಟು ಹೆಕ್ಕಲು ಎರಡು ವಾರ ಹಿಡಿಯಿತು. ಅವನು ಊರಲ್ಲೇ ಉಳಿದು ದಿನವೂ ಬಂದ. ಪಕ್ಕದ ಕುರ್ಚಿಯಲ್ಲಿ ಕೂತು, ಕರಿದ ಮೀನಿನ ತಿಂಡಿ ಬಾತಾಗೋರ್‌ನ ಪೊಟ್ಟಣ ಬಿಚ್ಚಿದ, ಕಡಲೆಕಾಯಿ ಸಾಸ್ ಹೆಚ್ಚಿದ್ದ ಕಡೆಯನ್ನು ಅವಳತ್ತ ತಿರುಗಿಸಿದ. ಬೆಳಗಿನ ಹೊತ್ತು ಬೆಟ್ಟ ಹೇಗೆ ಗೊಣಗುತ್ತದೆಂದು ಮಾಡಿ ತೋರಿಸಿ ನಗಿಸಿದ.

'ನಾಳೆ ಇವನು ಬರದಿದ್ದರೆ...?' ಎಂದುಕೊಂಡಾಗ ಅವಳ ಎದೆ ಝಲ್ಲೆಂದಿತು.

ಆದರೂ ವರದಿಯಲ್ಲಿ ಬರೆದಳು: 'ಬಳಸಿದವರ ತಪ್ಪು.'

ಎರಡೇ ಪದ. ಅಷ್ಟಕ್ಕೇ ಅವನ ಕಚೇರಿಯವರು ಅವನನ್ನು ಬೆಟ್ಟದಿಂದ ಇಳಿಸಿ ಗಾರುತ್ ಪಟ್ಟಣದ ಉಗ್ರಾಣಕ್ಕೆ ಹಾಕಿದರು. ಆಮೇಲೆ ಅವನು ಬರಲಿಲ್ಲ. ಫೋನೂ ಮಾಡಲಿಲ್ಲ.

ಐದು ತಿಂಗಳು ಕಳೆದವು. ಕೋಡಿನಲ್ಲಿ ಎಲ್ಲೆಲ್ಲಿ ಏನು ಎಡವಟ್ಟಾದರೆ ಹೇಗೆ ನಿಭಾಯಿಸುತ್ತದೆಂದು ಪೂರ್ತಿ ತಪಾಸಣೆ ಮಾಡಲು ಹಿರಿಯರಾದ ಪಾಕ್ ದಾರ್ಮಾ ಹೇಳಿದರು. ಇಮಾಸ್ ಬೇಕೆಂದೇ ಕೈಕೊಡುವ ಒಂದು ನಕಲಿ ಡಿಸ್ಕ್ ತಯಾರಿಸಿದಳು.

ಡಿಸ್ಕ್ 'ಬರೆಯಲಾಗಲಿಲ್ಲ' ಎಂದಿತು. ಅವಳ ಕೋಡ್ ಆ ಉತ್ತರವನ್ನು ತೆಗೆದುಕೊಂಡು... ಅಲ್ಲೇ ಬಿಟ್ಟು ಮುಂದೆ ಹೋಯಿತು!

ಪರದೆಯ ಮೇಲೆ ಮೂಡಿತು: 'ಉಳಿಸಿದೆ.'

ಆ ಸಾಲಿನ ಪಕ್ಕದಲ್ಲೇ ಮೂರು ವರ್ಷದ ಹಿಂದೆ ಅವಳೇ ಬರೆದಿಟ್ಟ ಟಿಪ್ಪಣಿಯಿತ್ತು: 'ಇಲ್ಲಿ ತಪ್ಪಾಗಲು ಸಾಧ್ಯವೇ ಇಲ್ಲ.'

ಮುಖ ಕಿವಿಯ ತನಕ ಬಿಸಿಯಾಯಿತು. ಎಲ್ಲರೆದುರು ಅವನ ಮೇಲೆ ಕೂಗಾಡಿದ್ದು ಅವಳದೇ ದನಿಯಲ್ಲಿ ಮತ್ತೆ ಕೇಳಿಸಿತು. ಛೀ... ಅವನು ತಂದ ತಿಂಡಿ ತಿನ್ನುತ್ತಲೇ ಅವನ ಕೆಲಸಕ್ಕೆ ಕಲ್ಲು ಹಾಕಿದೆನಲ್ಲ!

ಸರಿಪಡಿಸಲು ಬೇಕಾದದ್ದು ಆರೇ ಸಾಲು. ಡಿಸ್ಕ್ ಆಗಲಿಲ್ಲವೆಂದರೆ ನಿಲ್ಲಬೇಕು, ಅರ್ಧಕ್ಕೆ ನಿಂತದ್ದನ್ನು ರದ್ದು ಮಾಡಬೇಕು, ಕೇಳಿದವರಿಗೆ ನಿಜ ಹೇಳಬೇಕು.

"ಸುಮ್ನೆ ಸೇರಿಸಿಬಿಡಮ್ಮ," ಎಂದರು ಪಾಕ್ ದಾರ್ಮಾ. "ಹಳೇದನ್ನ ಯಾರು ಕೆದಕ್ತಾರೆ?"

"ಗಿಲಾಂಗ್ ಅವರ ಹೆಸರು ಕೆಟ್ಟಿದೆ, ಪಾಕ್."

"ಈಗ ನಿನ್ನ ಹೆಸರು ಕೆಡುತ್ತೆ!"

"ಕೆಡ್ಲಿ."

ತಿದ್ದುಪಡಿಯ ಜೊತೆ, ಎಲ್ಲರೂ ಓದುವ ಜಾಗದಲ್ಲಿ ಬರೆದಳು: 'ಈ ದೋಷ ನನ್ನದು. ಪರೀಕ್ಷಿಸದೆ ವೀಕ್ಷಕ ಗಿಲಾಂಗ್ ಅವರನ್ನು ದೂರಿದೆ. ಅವರದೇನೂ ತಪ್ಪಿಲ್ಲ.' ಅವನ ಕಚೇರಿಗೂ ಅದನ್ನೇ ಕಳಿಸಿದಳು. ಆ ವಾರದ ಕೊನೆಗೆ ಗಾರುತ್ ಬಸ್ಸು ಹತ್ತಿದಳು.

ಗಿಲಾಂಗ್ ಉಗ್ರಾಣದಲ್ಲಿ ಹಳೆಯ ಬ್ಯಾಟರಿಗಳನ್ನು ಒರೆಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ನಗಲಿಲ್ಲ.

"ಕಾಂಗ್ ಗಿಲಾಂಗ್... ತಪ್ಪು ನಂದು." 'ಕಾಂಗ್' ಎಂದು ಮರ್ಯಾದೆಯಿಂದ ಕರೆದರೂ ಅವಳ ಕಣ್ಣು ನೆಲದಿಂದ ಮೇಲೇಳಲಿಲ್ಲ. "ಡಿಸ್ಕ್ ಹೇಳ್ತಾನೇ ಇತ್ತು. ನನ್ನ ಕೋಡ್ ಕೇಳಿಸಿಕೊಳ್ಳಲಿಲ್ಲ."

ಅವನು ಕಪಾಟಿನಿಂದ ಒಂದು ನೋಟ್‌ಬುಕ್ ತೆಗೆದು ಅವಳ ಮುಂದಿಟ್ಟ. ಹನ್ನೊಂದು ದಿನವೂ ಬೆಟ್ಟ ನಡುಗಿದ್ದನ್ನೆಲ್ಲ ಗಳಿಗೆ ಸಮೇತ ಕೈಯಲ್ಲಿ ಬರೆದಿದ್ದ.

"ಇದು... ಆಗಲೇ ಇತ್ತಾ?"

"ನನ್ನ ಚೀಲದಲ್ಲೇ ಇತ್ತು. ದಿನಾ ತರ್ತಿದ್ದೆ. ನಿಮ್ಮ ಪೆಟ್ಟಿಗೇನ ಕೇಳಿದ್ರಿ. ನನ್ನ ಕೇಳಲೇ ಇಲ್ಲ."

ಅವಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಕಣ್ಣೀರು ನೋಟ್‌ಬುಕ್ಕಿನ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿದಳು.

"ಇನ್ನೊಂದಿದೆ," ಎಂದಳು. "ಹೇಳೋ ಯೋಗ್ಯತೆ ಇಲ್ಲ, ಆದ್ರೂ ಹೇಳ್ತೀನಿ. ಆ ಎರಡು ವಾರ... ನೀವು ಬರೋದನ್ನೇ ಕಾಯ್ತಿದ್ದೆ. ನೀವಂದ್ರೆ ಇಷ್ಟ. ಇಷ್ಟ ಇಟ್ಕೊಂಡೇ ಹಾಗೆ ಬರೆದೆನಲ್ಲ, ಅದಕ್ಕೇ ಹೆಚ್ಚು ನಾಚಿಕೆ."

ಗಿಲಾಂಗ್ ಫ್ಲಾಸ್ಕಿನಿಂದ ಬಿಸಿ ಶುಂಠಿ ಕಷಾಯ ಬಗ್ಗಿಸಿ ಲೋಟವನ್ನು ಅವಳ ಕೈಗಿಟ್ಟ.

"ದಾಖಲೆ ಸಿಗಲ್ಲ ಅಂತ ಎರಡನೇ ದಿನಾನೇ ಗೊತ್ತಾಗಿತ್ತು. ಇನ್ನೂ ಹನ್ನೆರಡು ದಿನ ಯಾಕೆ ಬಂದೆ ಅನ್ಕೊಂಡಿದೀಯ, ನೆಂಗ್?"

ನೆಂಗ್! ಇಷ್ಟು ದಿನ 'ತೆಹ್' ಎಂದು ಮರ್ಯಾದೆಯಿಂದ ದೂರವಿಟ್ಟವನು, ಮನೆಯ ಹುಡುಗಿಯನ್ನು ಕರೆಯುವಂತೆ ಕರೆದಿದ್ದ.

"ಹಾಗಾದ್ರೆ... ಕೋಪ ಹೋಯ್ತಾ?"

"ಇಲ್ಲ. ಇನ್ನೂ ಇದೆ."

"ಎಷ್ಟು ದಿನ ಇರುತ್ತೆ?"

"ಸೋಮವಾರ ಮತ್ತೆ ಬೆಟ್ಟಕ್ಕೆ ಹೋಗ್ತಿದೀನಿ. ನಿನ್ನ ಕಾಗದ ನೋಡಿ ಕಳಿಸ್ತಿದಾರೆ. ಮೇಲೆ ಬಂದು ಕೇಳು."

"ಬೈತೀರಾ?"

"ಸ್ವಲ್ಪ." ಅವನ ತುಟಿಯಂಚಿನಲ್ಲಿ ಕೊನೆಗೂ ನಗು ಮೂಡಿತು. "ಸ್ವೆಟರ್ ತಗೊಂಡು ಬಾ, ಚಳಿ ಜಾಸ್ತಿ."

"ಬರ್ತೀನಿ," ಎಂದಳು ಇಮಾಸ್. ಈ ಸಲ ತಲೆಯೆತ್ತಿ, ಅವನ ಕಣ್ಣನ್ನೇ ನೋಡುತ್ತಾ.