ಮ್ಯೂಟ್ ಮಾಡಿದ ಕೂಗು

ಧಡ್!

ಹಿಂದಿನಿಂದ ಜೀಪು ಗುದ್ದಿತು. ನನ್ನ ಹಣೆ ಹೋಗಿ ಮುಂದಿನ ಗಾಜಿಗೆ ಬಡಿಯಿತು.

"ಗಟ್ಟಿ ಹಿಡ್ಕೊಳಿ ಶರ್ಮಿಳಕ್ಕಾ!" ರೇಖಾ ಕಿರುಚಿದಳು. ಪಿಕಪ್ ಓಡಿಸ್ತಾ ಇದ್ದಿದ್ದು ಅವಳೇ. ಬಸರೀಕಟ್ಟೆಯ ಎಸ್ಟೇಟ್ ರಸ್ತೆ. ಈ ಕಡೆ ಗುಡ್ಡ ಕಡಿದ ಧರೆ, ಆ ಕಡೆ ಕಣಿವೆ.

"ಯಾರೇ ಅವನು?"

"ಕಲ್ಲೇಶ್! ನಮ್ಮ ಎಸ್ಟೇಟಿನ ರೈಟರು!"

ರೈಟರ್ ಅಂದ್ರೆ ಕತೆ ಬರೆಯೋನಲ್ಲ ಮಾರಾಯ. ಹಾಜರಿ ಹಾಕಿ ಆಳುಗಳನ್ನ ಕೆಲಸಕ್ಕೆ ಕಳಿಸೋನು. ಅವನಿಗೆ ನನ್ನ ಫೋನ್ ಬೇಕಿತ್ತು. ನಮಗೆ ರೇಖಾಳ ಅಪ್ಪ ಭೈರಪ್ಪ ಬೇಕಿತ್ತು. ಆ ಮನುಷ್ಯ ಕಾಡಲ್ಲಿ ಎಲ್ಲೋ ಬಿದ್ದಿದ್ದ. ಇನ್ನೂ ಜೀವ ಇತ್ತು. ಎಲ್ಲಿ ಅನ್ನೋದು ಮಾತ್ರ ನಮಗೆ ಗೊತ್ತಿಲ್ಲ.

ಹಿಂದೆ ಗುದ್ದುತ್ತಿದ್ದ ಬಡ್ಡಿಮಗನಿಗೆ ಗೊತ್ತಿತ್ತು!

ತಡಿ, ಬೆಳಿಗ್ಗೆಯಿಂದ ಹೇಳ್ತೀನಿ.

ಕೊಪ್ಪದ ಬಸ್ ಸ್ಟ್ಯಾಂಡ್ ಹಿಂದೆ, ಹಾರ್ಡ್‌ವೇರ್ ಅಂಗಡಿ ಮೇಲೆ ನನ್ನ ಆಫೀಸು. ಕೆಟ್ಟ ಆಪ್‌ಗಳು ನನ್ನ ಹತ್ರ ಬರುತ್ತವೆ. ಆಪ್ ತಾನು ಮಾಡಿದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಡುತ್ತೆ. ಅದೇ ಲಾಗ್. ಅದನ್ನ ಓದಿ, ಎಲ್ಲಿ ಎಡವಿತು ಅಂತ ಹೇಳೋದು ನನ್ನ ಕೆಲಸ. ಪೋಸ್ಟ್‌ಮಾರ್ಟಂ ಅಂದ್ಕೋ.

ಬೆಳಿಗ್ಗೆ ತ್ರ್ಯಂಬಕನ ಫೋನು. 'ಕಾವಲು' ಅನ್ನೋ ಆಪ್ ಮಾಡಿದವನು. ಎಸ್ಟೇಟ್ ಆಳುಗಳಿಗೆ. ಬೆಳಿಗ್ಗೆ ಹಾಜರಿ ಒತ್ತಬೇಕು. ಅಪಾಯ ಬಂದ್ರೆ ಕೆಂಪು ಬಟನ್ ಒತ್ತಬೇಕು.

"ಎರರ್ ಜಾಸ್ತಿ ಆಗಿದೆ ಮಾರಾಯ್ತಿ. ನಾಳೆ ಎಸ್ಟೇಟ್ ಓನರ್‌ಗಳಿಗೆ ಡೆಮೋ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಬೇಕು. ನೀನೇ ಗತಿ!"

ಅವನು ಕೊಟ್ಟ ಪಾಸ್‌ವರ್ಡ್ ಹಾಕಿ ಲಾಗ್ ತೆಗೆದು ನೋಡಿದೆ. ಸಣ್ಣಪುಟ್ಟ ಎರರ್‌ಗಳ ಕೆಳಗೆ ಒಂದು ದೊಡ್ಡ ರಾಶಿ. ಕೆಂಪು ಬಟನ್ನಿನ ಕರೆಗಳು. ಎಲ್ಲದರ ಮೇಲೂ ಮ್ಯೂಟ್!

"ಇದನ್ನ ಯಾಕೋ ಮ್ಯೂಟ್ ಮಾಡಿದೀಯ?"

"ಅಯ್ಯೋ, ಅದು ಮಂಗ!"

"ಏನು?"

"ಆ ಎಸ್ಟೇಟಲ್ಲಿ ಒಂದು ಹಲಸಿನ ಮರದ ಹತ್ರ ಮಾತ್ರ ಸರಿಯಾಗಿ ರೇಂಜ್ ಸಿಗೋದು, ತೋಟ-ಕಾಡಲ್ಲಿ ಬೇರೆ ಕಡೆ ಫೋನ್ ಕರೆ ಹತ್ತಲ್ಲ. ಆಳುಗಳೆಲ್ಲ ಫೋನುಗಳನ್ನ ಒಂದೇ ಚೀಲಕ್ಕೆ ಹಾಕಿ ಆ ಮರಕ್ಕೆ ನೇತುಹಾಕಿ ಕೆಲಸಕ್ಕೆ ಹೋಗ್ತಾರೆ. ರೈಟರ್ ಎಲ್ಲರ ಹಾಜರೀನೂ ಅಲ್ಲೇ ಒತ್ತುತ್ತಾನೆ. ಮಂಗ ಬಂದು ಚೀಲ ಬೀಳಿಸುತ್ತೆ. ನಮ್ಮ ಆಪ್‌ಗೆ ಮನುಷ್ಯರೇ ಬಿದ್ದ ಹಾಗೆ ಕಂಡು ಬಟನ್ ತಾನಾಗೇ ಒತ್ತಿಕೊಳ್ಳುತ್ತೆ! ದಿನಾ ಇಷ್ಟಿಷ್ಟು ಕರೆ. ತಲೆ ಕೆಟ್ಟು ಮ್ಯೂಟ್ ಮಾಡಿದೆ."

ಮಂಗಗಳ ಗಲಾಟೆ ತಡೆಯೋಕೆ ಹೋಗಿ ಈ ಪುಣ್ಯಾತ್ಮ ಮನುಷ್ಯರ ಬಾಯಿಗೂ ಬಟ್ಟೆ ತುರುಕಿದ್ದ!

ಮ್ಯೂಟ್ ತೆಗೆದೆ. ಮಂಗ ಬೀಳಿಸಿದ್ದಾದ್ರೆ ಎಲ್ಲ ಫೋನೂ ಒಟ್ಟಿಗೆ ಕೂಗಬೇಕು. ಇವತ್ತಿನದು ಒಂದೇ ಫೋನು. ಬೆರಳಿಂದ ಒತ್ತಿದ್ದು. 'ನಿಜವಾಗಿಯೂ ಅಪಾಯವೇ?' ಅಂತ ಆಪ್ ಕೇಳಿದೆ. 'ಹೌದು' ಅಂತ ಉತ್ತರ. ಮತ್ತೆ ಒತ್ತಿದ್ದು. ಮತ್ತೆ ಹೌದು. ಮತ್ತೆ... ಮತ್ತೆ...

ಯಾವ ಮಂಗ 'ಹೌದು' ಅನ್ನುತ್ತೆ ಹೇಳು?

ಹೆಸರು ಭೈರಪ್ಪ. ತುರ್ತಿಗೆ ಕೊಟ್ಟ ನಂಬರು ಮಗಳು ರೇಖಾಳದ್ದು. ಹುಡುಗಿ ಪುಣ್ಯಕ್ಕೆ ಗೊಬ್ಬರ ತುಂಬೋಕೆ ಕೊಪ್ಪಕ್ಕೇ ಬಂದಿದ್ದಳು. ಗೊಬ್ಬರ ಅಲ್ಲೇ ಬಿಟ್ಟು ನನ್ನನ್ನ ಹತ್ತಿಸಿಕೊಂಡಳು. ಲಾಗ್ ತೋರಿಸಿದ ಲೊಕೇಶನ್ನಿಗೆ ನೇರ ಓಡಿಸಿದಳು.

ಹೋಗಿ ನೋಡಿದ್ರೆ ಹಲಸಿನ ಮರ! ಚೀಲ ನೇತಾಡ್ತಾ ಇದೆ. ಅದರಲ್ಲಿ ಭೈರಪ್ಪನ ಫೋನ್ ಇಲ್ಲ. ಭೈರಪ್ಪನೂ ಇಲ್ಲ.

ತ್ರ್ಯಂಬಕನಿಗೆ ಫೋನ್ ಹಚ್ಚಿದೆ.

"ಲೊಕೇಶನ್ ತಪ್ಪು ಬರ್ತಾ ಇದೆಯಲ್ಲೋ!"

"ತಪ್ಪಲ್ಲ... ಬ್ಯಾಟರಿ ಉಳಿಸೋಕೆ ಅಂತ... ಹಾಜರಿ ಒತ್ತುವಾಗ ಒಂದು ಸಲ ತಗೊಳ್ಳುತ್ತೆ. ಆಮೇಲೆ ದಿನವಿಡೀ ಅದನ್ನೇ ಕಳಿಸುತ್ತೆ."

"ನಿನ್ನ ತಲೆ!"

ಅಷ್ಟರಲ್ಲಿ ನನ್ನ ಫೋನಿಗೆ ಹೊಸ ಸಾಲು ಬಂತು. 'ಬಟನ್ ಒತ್ತಲಾಗಿದೆ. ಬ್ಯಾಟರಿ ಆರು ಪರ್ಸೆಂಟ್.'

ರೇಖಾ ನನ್ನ ತೋಳು ಹಿಡಿದಳು. "ಅಪ್ಪ ಒತ್ತುತ್ತಾ ಇದಾರೆ! ನಾವು ಬಂದಿದೀವಿ ಅಂತ ಹೇಳಿ ಅಕ್ಕಾ!"

"ಹೇಳೋಕಾಗಲ್ಲ ಕಣೇ."

"ಅವರದ್ದು ನಿಮಗೆ ಬರುತ್ತಲ್ಲ!"

"ಎಳೆ ರೇಂಜಲ್ಲಿ ಆಪ್ ಸಾಲು ಬರುತ್ತೆ ಅಷ್ಟೇ. ಫೋನ್ ಕರೆ ಹತ್ತಲ್ಲ, ಇಲ್ಲಿಂದ ಏನೂ ಹೋಗಲ್ಲ."

ಅವಳು ಕಾಡಿನ ಕಡೆ ತಿರುಗಿ "ಅಪ್ಪಾ!" ಅಂತ ಕೂಗಿದಳು. ಗಂಟಲು ಕಿತ್ತು ಬರೋ ಹಾಗೆ ಕೂಗಿದಳು.  "ಆ ಬಟನ್ ಒತ್ತೋದು ನಾನೇ ಕಲಿಸಿದ್ದು ಅಕ್ಕಾ. ಹಾಜರಿ ಆದ್ಮೇಲೆ ಫೋನ್ ಮರಕ್ಕೆ ನೇತುಹಾಕಬೇಡ, ಜೇಬಲ್ಲಿ ಇಟ್ಕೋ ಅಂತ ನಾನೇ ಜಗಳ ಮಾಡಿದ್ದು..."

 ಎಂಥೆಂಥ ಆಪ್‌ಗಳ ಬಾಯಿ ಬಿಡಿಸಿದವಳು ನಾನು. ಈಗ ಮನುಷ್ಯನ ಬಾಯಿ ಬಿಡಿಸಬೇಕಿತ್ತು.

ರೇಖಾಳ ಹತ್ರ ನಂಬರ್ ಇಸ್ಕೊಂಡು ಎಸ್ಟೇಟ್ ಆಫೀಸಲ್ಲಿದ್ದ ಕಲ್ಲೇಶನಿಗೆ ಫೋನ್ ಮಾಡಿದೆ.

"ಭೈರಪ್ಪನಾ? ಇವತ್ತು ಕೆಲಸಕ್ಕೇ ಬಂದಿಲ್ಲ."

"ಸುಳ್ಳು ಬೊಗಳಬೇಡ! ಹಾಜರಿ ನೀನೇ ಒತ್ತಿದೀಯ. ಲಾಗ್ ನನ್ನ ಫೋನಲ್ಲಿದೆ!"

ಟಕ್ ಅಂತ ಇಟ್ಟ. ಪೊಲೀಸರ ಹತ್ರ ಹೋಗೋಣ ಅಂತ ಪಿಕಪ್ ತಿರುಗಿಸಿದೆವು. ಮೂರು ತಿರುವು ದಾಟಿರಲಿಲ್ಲ, ಜೀಪು ಹಿಂದೆ ಬಂತು.

ಇನ್ನೊಂದು ಸಲ ಗುದ್ದಿದ. ಪಿಕಪ್ಪಿನ ಹಿಂದಿನ ಚಕ್ರ ಅಂಚಿಗೆ ಜಾರಿತು. ರೇಖಾ ಹಲ್ಲು ಕಚ್ಚಿ ಒಳಗೆ ಎಳೆದಳು. ಆ ಸಂದಿಯಲ್ಲೇ ಅವನು ಮುಂದೆ ನುಗ್ಗಿ ಜೀಪನ್ನ ಅಡ್ಡ ಹಾಕಿದ. ಕತ್ತಿ ಹಿಡ್ಕೊಂಡು ಇಳಿದ. ನಾನು ವೀಲ್ ಸ್ಪ್ಯಾನರ್ ಹಿಡ್ಕೊಂಡು ಇಳಿದೆ.

"ಫೋನ್ ಕೊಡಿ ಮೇಡಂ."

"ಬಾ, ತಗೋ!"

ಅವನು ಬರಲಿಲ್ಲ. ಕತ್ತಿ ಕೆಳಗಿಳಿಸಿದ. "ರಾಮಪತ್ರೆ ಕೊಯ್ಯೋಕೆ ಕಳಿಸಿದ್ದೆ, ಮಸಾಲೆಯವರು ಒಳ್ಳೆ ರೇಟ್ ಕೊಡ್ತಾರೆ. ಸರ್ಕಾರಿ ಕಾಡು. ಮರದಿಂದ ಬಿದ್ದ. ಫಾರೆಸ್ಟ್‌ನವರಿಗೆ ಗೊತ್ತಾದ್ರೆ ನಾನು ಒಳಗೆ..."

"ಬಿದ್ದಿದ್ದು ನೋಡಿ ಬಿಟ್ಟು ಬಂದ್ಯಾ?"

"ಭಯ ಆಯ್ತು."

"ಎಲ್ಲಿ ಬಿದ್ದಿದ್ದಾನೆ ಹೇಳು!"

"ಹೇಳ್ತೀನಿ. ಮೊದಲು ಅವನ ಹಾಜರಿ, ಲಾಗ್, ಎಲ್ಲಾ ಅಳಿಸಿ. ನನ್ನ ಕಣ್ಣೆದುರು. ಅವನು ಇವತ್ತು ಕೆಲಸಕ್ಕೆ ಬಂದಿಲ್ಲ, ತಾನಾಗೇ ಕಾಡಿಗೆ ಹೋದ. ಅಷ್ಟೇ."

ಸ್ಪ್ಯಾನರಿಂದ ಅವನ ಮಂಡಿ ಪುಡಿ ಮಾಡಬಹುದಿತ್ತು. ಮಾಡಿದ್ರೆ ಬಾಯಿ ಬಿಡ್ತಾನಾ? ಬಿಡದಿದ್ರೆ? ಅಷ್ಟರಲ್ಲಿ ಫೋನ್ ಮಿಣುಕಿತು. 'ಬಟನ್ ಒತ್ತಲಾಗಿದೆ. ಬ್ಯಾಟರಿ ಎರಡು ಪರ್ಸೆಂಟ್.'

ರೇಖಾ ನನ್ನ ಕಾಲು ಹಿಡಿದಳು. "ಅಳಿಸಿ ಅಕ್ಕಾ! ದಮ್ಮಯ್ಯ, ಅಳಿಸಿ!"

ಅಳಿಸಿದೆ.

ತ್ರ್ಯಂಬಕನ ಸರ್ವರ್ ಪುಕ್ಕಟೆ ಪ್ಲಾನಿನದು, ಬ್ಯಾಕಪ್ ಇಲ್ಲ. ಭೈರಪ್ಪನ ಫೋನಲ್ಲೂ ಉಳಿಯಲ್ಲ, ಕಳಿಸಿದ ಸಾಲನ್ನ ಆಪ್ ಅಲ್ಲೇ ಒರೆಸಿಬಿಡುತ್ತೆ. ಕಲ್ಲೇಶ್ ಫೋನ್ ಇಸ್ಕೊಂಡು ಎರಡು ಸಲ ಹುಡುಕಿ ನೋಡಿದ. ಖಾಲಿ ಅಂತ ಖಾತ್ರಿಯಾದ ಮೇಲೆ ಜೀಪು ಹತ್ತಿದ. ನಾವು ಅವನ ಹಿಂದೆ.

ಮಾತಿಗೆ ತಪ್ಪಲಿಲ್ಲ ಬಿಡು. ಜಾಗ ಸರಿಯಾಗೇ ತೋರಿಸಿದ.

ಭೈರಪ್ಪ ಮರ ಸಾಗಿಸೋ ಕೂಪಿನ ರಸ್ತೆಯ ಪಕ್ಕದಲ್ಲೇ ಇದ್ದ. ಒಂದು ಕೂಗಿನಷ್ಟು ದೂರವೂ ಇಲ್ಲ. ತೊಡೆ ಮುರಿದಿತ್ತು. ಕೆಳಗಿನ ತರಗೆಲೆ ಎಲ್ಲ ರಕ್ತ. ಕಣ್ಣು ಮಾತ್ರ ತೆರೆದಿತ್ತು.

"ಅಪ್ಪಾ! ಇಲ್ಲೇ ರಸ್ತೆ ಇತ್ತಲ್ಲ ಅಪ್ಪಾ... ಬೆಳಿಗ್ಗೆಯಿಂದ ಎಷ್ಟು ಗಾಡಿ ಹೋಗಿರುತ್ತೆ... ಹ್ಯಾಗಾದ್ರೂ ತೆವಳಿ ಬರೋದಲ್ವಾ?"

ಅವನು ಫೋನ್ ಹಿಡಿದ ಕೈಯನ್ನ ಸ್ವಲ್ಪ ಎತ್ತಿದ. ಬಟನ್ ಒತ್ತಿದ ತಕ್ಷಣ ಬರೋ ಅಕ್ಷರ ಇನ್ನೂ ಹಾಗೇ ಇತ್ತು. ಕರೆ ಯಾರಿಗೂ ಮುಟ್ಟದಿದ್ರೂ ಬರುತ್ತೆ ಅದು! ತ್ರ್ಯಂಬಕ ಹಾಗೇ ಬರೆದಿದ್ದ.

'ಸಹಾಯ ಬರುತ್ತಿದೆ. ಅಲ್ಲಾಡಬೇಡಿ.'

"ಅಲ್ಲಾಡಬೇಡಿ ಅಂತ ಬಂತಲ್ಲ ಮಗಾ..." ಅಂದ ಭೈರಪ್ಪ. "ಅದಕ್ಕೇ... ಅಲ್ಲಾಡಲಿಲ್ಲ."

ಪಿಕಪ್ಪಿಗೆ ಹಾಕ್ಕೊಂಡು ಹೊರಟೆವು. ರೇಖಾ ಓಡಿಸಿದಳು. ಹಿಂದೆ ನಾನು ಅವನ ತಲೆ ತೊಡೆ ಮೇಲಿಟ್ಕೊಂಡು ಕೂತೆ. ಗಾಯಕ್ಕೆ ನನ್ನ ದುಪ್ಪಟ್ಟಾ ಬಿಗಿದೆ. ರಕ್ತ ನಿಲ್ಲಲಿಲ್ಲ. ಜಯಪುರ ಸಿಗೋ ಮೊದಲೇ ಅವನ ಕೈ ನನ್ನ ಕೈಯಿಂದ ಜಾರಿತು. ಮುಂದಿನಿಂದ ರೇಖಾ ಕೇಳ್ತಾನೇ ಇದ್ದಳು, "ಅಪ್ಪ ಮಾತಾಡ್ತಾ ಇದಾರಾ ಅಕ್ಕಾ? ಮಾತಾಡ್ತಾ ಇದಾರಾ?" ಗಾಡಿ ಓಡಿಸ್ತಾ ಇರೋಳಿಗೆ ಏನಂತ ಹೇಳ್ಲಿ? ಹ್ಞೂಂ ಅಂದೆ. ಆಸ್ಪತ್ರೆ ಬಾಗಿಲವರೆಗೂ ಹ್ಞೂಂ ಅಂತಾನೇ ಬಂದೆ.

ಸ್ಟೇಷನ್ನಲ್ಲಿ ಕಲ್ಲೇಶ್ ಕಣ್ಣೀರು ಒರೆಸ್ಕೊಂಡು ಹೇಳಿಕೆ ಕೊಟ್ಟ. ಭೈರಪ್ಪ ಅವತ್ತು ರಜೆ. ತಾನಾಗೇ ಕಾಡಿಗೆ ಹೋಗಿದ್ದ. ಪಾಪ, ಹುಡುಕಿ ಕೊಟ್ಟಿದ್ದೇ ಇವನು!

"ಸುಳ್ಳು ಸಾರ್! ಹಾಜರಿ ಇತ್ತು. ನಾನೇ ನೋಡಿದೀನಿ."

"ತೋರ್ಸಿ ಮೇಡಂ" ಅಂದ್ರು ಎಸ್.ಐ.

"ಅಳಿಸಿದೆ."

"ಯಾರು ಅಳಿಸಿದ್ದು?"

"ನಾನೇ."

ಅವರು ಪೆನ್ ಕೆಳಗಿಟ್ಟರು.  ರೇಖಾ ಗೋಡೆ ನೋಡ್ತಾ ಕೂತಿದ್ದಳು.

ಮಾರನೇ ದಿನ ತ್ರ್ಯಂಬಕನ ಫೋನು. ಡೆಮೋ ಭರ್ಜರಿ ಆಯ್ತಂತೆ.

"ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು! ನಿನ್ನೆಯ ಆ ಕೆಂಪು ಬಟನ್ ಕರೆ ಒಂದೂ ಇಲ್ಲ! ಏನ್ ಮಾಡ್ದೆ ಮಾರಾಯ್ತಿ?"

"ಏನಿಲ್ಲ" ಅಂದೆ. "ಒತ್ತೋರು ಒಬ್ರು ಕಡಿಮೆ ಆದ್ರು."